ಗುರುತಿಲ್ಲದ ಸೀಸದ ಗಟ್ಟಿ: ಒಳಗೇನಿದೆ ಎಂದು ಮನೆಯಲ್ಲೇ ಪತ್ತೆ ಮಾಡುವ ಕ್ರಮ

ಗುಜರಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಸೀಸದ ಗಟ್ಟಿಗಳ ಮೇಲೆ ಮುದ್ರೆಯೂ ಇರುವುದಿಲ್ಲ, ಎಲ್ಲಿಂದ ಬಂತೆಂದು ಹೇಳುವವರೂ ಇರುವುದಿಲ್ಲ. ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಒಂದೇ ರಾಶಿಯಿಂದ ಎತ್ತಿಕೊಂಡ ನಾಲ್ಕು ಗಟ್ಟಿಗಳಲ್ಲಿ ಒಂದು ಹಳೆಯ ಟೆಲಿಫೋನ್ ಕೇಬಲ್ಲಿನ ಮೆದು ಸೀಸ ಇರಬಹುದು, ಇನ್ನೊಂದು ಟೈರ್ ಅಂಗಡಿಯ ವೀಲ್ ಬ್ಯಾಲೆನ್ಸಿಂಗ್ ತೂಕಗಳನ್ನು ಕರಗಿಸಿದ್ದು, ಮತ್ತೊಂದು ಮುಚ್ಚಿಹೋದ ಪ್ರೆಸ್ಸಿನ ಅಚ್ಚುಮೊಳೆ, ನಾಲ್ಕನೆಯದು ರೇಡಿಯೇಟರ್ ರಿಪೇರಿಯವರ ಸೋಲ್ಡರ್. ಹೊರಗಿನಿಂದ ನಾಲ್ಕೂ ಒಂದೇ ಬೂದು ಬಣ್ಣ.

ಗೊತ್ತಿಲ್ಲದೆ ಬಳಸಿದರೆ ಆಗುವ ಎಡವಟ್ಟು ಸಣ್ಣದಲ್ಲ. ಬೀಸುಬಲೆಯ ಅಂಚಿಗೆ ಒತ್ತಿ ಕಟ್ಟುವ ಗುಂಡಿಗೆ ಮೆದು ಸೀಸವೇ ಬೇಕು. ಗಡಸು ಬರಲೆಂದು ಸೇರಿಸುವ ಆಂಟಿಮನಿ ಎಂಬ ಲೋಹ ಬೆರೆತದ್ದು ಒತ್ತುವಾಗಲೇ ಬಿರುಕು ಬಿಡುತ್ತದೆ. ಗಾರೆಯವರ ತೂಗುಗುಂಡಿಗೆ ಗಡಸು ಸೀಸ ಒಳ್ಳೆಯದು, ಮೆದುವಾದರೆ ತುದಿ ನಾಲ್ಕು ದಿನಕ್ಕೆ ಮೊಂಡಾಗುತ್ತದೆ. ಇನ್ನು ಅರ್ಧ ತವರ ಇರುವ ಸೋಲ್ಡರ್ ಗಟ್ಟಿಯನ್ನು ಸೀಸದ ಬೆಲೆಗೆ ಮಾರಿದರೆ ಅದು ಶುದ್ಧ ನಷ್ಟ, ಏಕೆಂದರೆ ತವರದ ಬೆಲೆ ಸೀಸದ ಹತ್ತು ಪಟ್ಟಿಗೂ ಮೇಲೆ. (ಕೋವಿಯ ತೋಟಾ ಲೈಸೆನ್ಸಿನ ವಿಷಯ, ಇಲ್ಲಿ ಅದರ ಮಾತಿಲ್ಲ.)

ಒಂದೇ ಪರೀಕ್ಷೆಯಿಂದ ಉತ್ತರ ಸಿಗುತ್ತದೆ ಎಂದು ಹೊರಟವರು ಮೋಸಹೋಗುವುದೇ ಹೆಚ್ಚು. ಸಾಂದ್ರತೆ ನೋಡಿದರೆ ಸೀಸಕ್ಕಿಂತ ಹಗುರವಾದ ಲೋಹ ಎಷ್ಟು ಸೇರಿದೆ ಎಂದು ತಿಳಿಯುತ್ತದೆ, ಯಾವುದು ಸೇರಿದೆ ಎಂದು ತಿಳಿಯುವುದಿಲ್ಲ. ಅದನ್ನು ಹೇಳುವುದು ಗಡಸುತನ ಮತ್ತು ಹೆಪ್ಪುಗಟ್ಟುವ ಉಷ್ಣತೆ. ಮೂರನ್ನೂ ಜೊತೆಗಿಟ್ಟು ಓದಬೇಕು.

ಮೊದಲು ಜಾಗ, ಕೈ, ಪಾತ್ರೆ

ಸೀಸ ಮೈಗೆ ಸೇರುವುದು ಹೆಚ್ಚಾಗಿ ಕೈಯಿಂದ ಬಾಯಿಗೆ, ಮತ್ತು ಧೂಳಿನಿಂದ. ಗಟ್ಟಿ ಮುಟ್ಟಿದ ಕೈಯಲ್ಲಿ ಎಲೆ ಅಡಿಕೆ, ಬೀಡಿ, ಕಾಫಿ ಲೋಟ ಯಾವುದೂ ಬೇಡ. ಕೈಯನ್ನು ಸೋಪು ಹಾಕಿ ತೊಳೆಯಬೇಕು, ಬರೀ ನೀರು ಸಾಲದು. ಮಕ್ಕಳು ಮತ್ತು ಬಸುರಿಯರು ಹತ್ತಿರ ಬರಬಾರದು. ತಕ್ಕಡಿ, ಬಾಣಲೆ, ಸೌಟು ಈ ಕೆಲಸಕ್ಕೇ ಮೀಸಲಾಗಿರಲಿ, ಅಡುಗೆಮನೆಗೆ ವಾಪಸು ಹೋಗಬಾರದು. ಉಪ್ಪುಕಾಗದದಿಂದ ಒಣ ಸೀಸವನ್ನು ಉಜ್ಜಬೇಡಿ; ಮೇಲ್ಮೈ ಬೇಕಾದಷ್ಟು ಹೊಳೆಯಲು ಚಾಕುವಿನ ಅಲಗಿನಿಂದ ಹೆರೆದರೆ ಸಾಕು. ಹೆರೆದ ಸಿಬಿರು ದೊಡ್ಡದಾಗಿರುತ್ತದೆ, ಹಾರುವುದಿಲ್ಲ.

ಕರಗಿಸುವ ಪರೀಕ್ಷೆಗೆ ಕೊಡಗಿನಲ್ಲಿ ಒಂದು ಇಕ್ಕಟ್ಟಿದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಜೋರು ಮಳೆಯ ಕಕ್ಕಡ ಮಾಸದಲ್ಲಿ, ಬಯಲಲ್ಲಿ ಸೀಸ ಕರಗಿಸುವ ಮಾತೇ ಇಲ್ಲ: ಕರಗಿದ ಸೀಸದ ಒಳಗೆ ಒಂದು ಹನಿ ನೀರು ಸಿಕ್ಕಿಕೊಂಡರೂ ಅದು ತಕ್ಷಣ ಆವಿಯಾಗಿ ಬಾಣಲೆಯಲ್ಲಿರುವುದನ್ನೆಲ್ಲ ಮುಖಕ್ಕೆ ಎರಚುತ್ತದೆ. ಮಳೆ ಬಿಟ್ಟು ಬಿಸಿಲು ಬಂದಾಗ ಅಂಗಳದಲ್ಲಿ ಕಾಫಿ ಒಣಗುತ್ತಿರುತ್ತದೆ. ಕಣದ ಹತ್ತಿರ ಸೀಸ ಕರಗಿಸಬಾರದು, ಕರಗಿದ ಸೀಸದ ಮೇಲೆ ಕಟ್ಟುವ ಕಿಟ್ಟದ ಪುಡಿ ಗಾಳಿಗೆ ಹಾರಿ ಹಣ್ಣಿನ ಮೇಲೆ ಕೂರುತ್ತದೆ. ದನದ ಕೊಟ್ಟಿಗೆ ಮತ್ತು ಬಾವಿಯಿಂದಲೂ ದೂರ ಇರಲಿ. ದನಗಳು ಸೀಸದ ಚೂರು, ಕಿಟ್ಟ ಕಂಡರೆ ನೆಕ್ಕುತ್ತವೆ. ಅದರಿಂದ ಸತ್ತೂ ಹೋಗುತ್ತವೆ. ಮೂರು ಕಡೆ ತೆರೆದ, ಮೇಲೆ ಮಾತ್ರ ಶೀಟು ಇರುವ ಖಾಲಿ ಶೆಡ್ ಸಿಕ್ಕರೆ ಅದೇ ಸರಿಯಾದ ಜಾಗ.

ಬ್ಯಾಟರಿಯ ಪ್ಲೇಟು ಅಂಟಿಕೊಂಡ ತುಂಡು, ಬಿಳಿ ಪುಡಿ ಮೆತ್ತಿದ ತುಂಡು, ಹುಳಿ ಆ್ಯಸಿಡ್ ವಾಸನೆಯದು ಸಿಕ್ಕರೆ ಕರಗಿಸಲೇಬೇಡಿ. ಅದರಲ್ಲಿ ಆರ್ಸೆನಿಕ್ಕೂ ಕ್ಯಾಲ್ಸಿಯಂ ಸೀಸವೂ ಇದ್ದರೆ, ಅದರ ಕಿಟ್ಟಕ್ಕೆ ತೇವ ತಗಲಿದಾಗ ಜೀವಕ್ಕೇ ಅಪಾಯ ತರುವ ಅನಿಲ ಹೊರಡಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು.

ಹೋಲಿಕೆಗೆ ಒಂದು ಶುದ್ಧ ತುಂಡು

ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಅಳತೆಗೋಲು. ಎಕ್ಸ್‌ರೇ ಕೋಣೆಯ ಗೋಡೆಗೆ ಹೊಡೆಯುವ ಸೀಸದ ಹಾಳೆ, ಛಾವಣಿಯ ಸಂದಿಗೆ ಮಡಿಸಿ ಹಾಕಿದ್ದ ಹಳೆಯ ಸೀಸದ ಹಾಳೆ, ಇವು ಹೆಚ್ಚುಕಡಿಮೆ ಶುದ್ಧ. ಕೇಬಲ್ ಹೊದಿಕೆಯಲ್ಲಿ ಕೆಲವೊಮ್ಮೆ ಸ್ವಲ್ಪ ಆಂಟಿಮನಿಯೋ ತವರವೋ ಇರುತ್ತದೆ, ಹಾಗಾಗಿ ಅದು ಎರಡನೆಯ ಆಯ್ಕೆ. ಅರ್ಧ ಕಿಲೋ ಆದರೆ ಸಾಕು.

ಕಣ್ಣು, ಕಿವಿ, ಉಗುರು

ಇದು ವಿಂಗಡಣೆಗೆ ಮಾತ್ರ, ತೀರ್ಪಿಗಲ್ಲ. ಅಯಸ್ಕಾಂತ ಹಿಡಿದರೆ ಒಳಗೆ ಕಬ್ಬಿಣದ ಕ್ಲಿಪ್ ಇದೆ. ಶುದ್ಧ ಸೀಸದ ಮೇಲೆ ಉಗುರಿನಿಂದ ಗೀರು ಮೂಡುತ್ತದೆ, ಕಾಗದದ ಮೇಲೆ ಎಳೆದರೆ ಬೂದು ಗೆರೆ ಬರುತ್ತದೆ. ಸಿಮೆಂಟು ನೆಲಕ್ಕೆ ಒಂದಡಿ ಎತ್ತರದಿಂದ ಬಿಟ್ಟರೆ ಮೆದು ಸೀಸ ‘ದಬ್’ ಎನ್ನುತ್ತದೆ, ಆಂಟಿಮನಿ ಇದ್ದರೆ ಸದ್ದಿನಲ್ಲಿ ಒಂದಿಷ್ಟು ಖಣಖಣ ಇರುತ್ತದೆ. ತೆಳು ತುಂಡನ್ನು ಬಗ್ಗಿಸಿದಾಗ ಮುರಿದು ಒಳಗೆ ಹರಳುಹರಳಾಗಿ ಹೊಳೆದರೆ ಅಚ್ಚುಮೊಳೆ ಜಾತಿಯದು. ಬಗ್ಗಿಸುವಾಗ ಕಿರಕಿರ ಸದ್ದು ಬಂದರೆ ಅದು ಸೀಸವೇ ಅಲ್ಲ, ಹೆಚ್ಚುಕಡಿಮೆ ಪೂರಾ ತವರ. ಇಷ್ಟರಿಂದ ರಾಶಿಯನ್ನು ಮೂರು ಪಾಲು ಮಾಡಿ ಮುಂದಕ್ಕೆ ಹೋಗಬಹುದು.

ಸಾಂದ್ರತೆ: ನೀರಿನಲ್ಲಿ ತೂಗುವುದು

ಬೇಕಾದ್ದು: 0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಕೆಲವು ಕಿಲೋ ತೂಗುವ ಮತ್ತೊಂದು ತಕ್ಕಡಿ, ಗಟ್ಟಿ ಮುಳುಗುವಷ್ಟು ಆಳದ ಹಗುರ ಪ್ಲಾಸ್ಟಿಕ್ ಡಬ್ಬ, ಗಾಳದ ತೆಳು ನೈಲಾನ್ ದಾರ, ಪಾತ್ರೆ ತೊಳೆಯುವ ಲಿಕ್ವಿಡ್.

ಗಟ್ಟಿಯನ್ನು ಬ್ರಷ್ಷಿನಿಂದ ತೊಳೆದು, ಒರೆಸಿ, ಒಣಗಿಸಿ, ದೊಡ್ಡ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಡಬ್ಬದಲ್ಲಿ ನೀರು ತುಂಬಿ ಒಂದು ಹನಿ ಲಿಕ್ವಿಡ್ ಹಾಕಿ. ನೀರಿನ ಬಿಗಿತ ಕಡಿಮೆಯಾಗಿ ಗಟ್ಟಿಯ ಒರಟಿಗೆ ಗಾಳಿಗುಳ್ಳೆ ಅಂಟುವುದಿಲ್ಲ. ಡಬ್ಬವನ್ನು ಸಣ್ಣ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಈಗ ಗಟ್ಟಿಯನ್ನು ದಾರದಿಂದ ಇಳಿಬಿಟ್ಟು ಪೂರ್ತಿ ಮುಳುಗಿಸಿ. ತಳಕ್ಕಾಗಲಿ ಬದಿಗಾಗಲಿ ತಾಗಬಾರದು. ಕೈಯಲ್ಲಿ ಹಿಡಿದರೆ ಅಂಕಿ ಕುಣಿಯುತ್ತದೆ, ದಾರವನ್ನು ಮೇಲೊಂದು ಅಡ್ಡಕೋಲಿಗೆ ಕಟ್ಟುವುದೇ ಮೇಲು. ತಕ್ಕಡಿ ತೋರಿಸುವುದು ಗಟ್ಟಿಯ ತೂಕವನ್ನಲ್ಲ, ಅದು ಸರಿಸಿದ ನೀರಿನ ತೂಕವನ್ನು. ಅಂದರೆ ಗಟ್ಟಿಯ ಗಾತ್ರವನ್ನು. ಹೀಗಾಗಿ 1 ಕಿಲೋ ಗಟ್ಟಿಗೂ 500 ಗ್ರಾಂ ಮಿತಿಯ ತಕ್ಕಡಿ ಸಾಲುತ್ತದೆ. ಡಬ್ಬ, ನೀರು, ಸರಿದ ನೀರಿನ ಅಂಕಿ ಮೂರೂ ಸೇರಿ ಮಿತಿಯೊಳಗಿದ್ದರೆ ಆಯಿತು. ಗಟ್ಟಿಯೇನಾದರೂ ತಳಕ್ಕೆ ಬಿದ್ದರೆ ಮಾತ್ರ ತಕ್ಕಡಿಯ ಗತಿ ಮುಗಿಯಿತು.

ಒಣ ತೂಕವನ್ನು ನೀರಿನ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ. ಶುದ್ಧ ಸೀಸ 11.34, ತವರ 7.3, ಆಂಟಿಮನಿ 6.7, ಸತು 7.1. ಶೇ 3ರಿಂದ 4 ಆಂಟಿಮನಿ ಇರುವ ವೀಲ್ ತೂಕದ ಲೋಹ 11.0–11.1ರ ಆಸುಪಾಸು ಬರುತ್ತದೆ. ಶೇ 12 ಆಂಟಿಮನಿ, ಶೇ 4 ತವರ ಇರುವ ಲೈನೋಟೈಪ್ ಲೋಹ (ಪ್ರೆಸ್ಸಿನ ಅಚ್ಚಿನ ಲೋಹ) ಸುಮಾರು 10.3. ಸಮಪಾಲಿನ ಸೋಲ್ಡರ್ 8.9, ತವರ 60, ಸೀಸ 40 ಇದ್ದರೆ 8.5.

ಮಿಶ್ರಣದ ಲೆಕ್ಕಕ್ಕೆ ಸಾಂದ್ರತೆಗಿಂತ ಸುಲಭದ ದಾರಿ ಇದೆ. ಶುದ್ಧ ಸೀಸ ಕಿಲೋಗೆ 88.2 ಗ್ರಾಂ ನೀರು ಸರಿಸುತ್ತದೆ. ಪ್ರತಿ ಶೇ 1 ಆಂಟಿಮನಿಗೆ ಇದು 0.61 ಏರುತ್ತದೆ, ಪ್ರತಿ ಶೇ 1 ತವರಕ್ಕೆ 0.49. ಒಂದು ಗಟ್ಟಿ 1,012 ಗ್ರಾಂ ತೂಗಿ 93.0 ಗ್ರಾಂ ನೀರು ಸರಿಸಿತು ಎನ್ನಿ. ಕಿಲೋಗೆ 91.9 ಆಯಿತು, 88.2 ಕಳೆದರೆ 3.7. ಇದನ್ನು 0.61ರಿಂದ ಭಾಗಿಸಿದರೆ ಆಂಟಿಮನಿ ಶೇ 6.1, 0.49ರಿಂದ ಭಾಗಿಸಿದರೆ ತವರ ಶೇ 7.6. ಎರಡರಲ್ಲಿ ಯಾವುದು? ನೀರಿನ ತಕ್ಕಡಿಗೆ ಅದು ಗೊತ್ತಿಲ್ಲ. ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಮುಂದಿನ ಎರಡು ಪರೀಕ್ಷೆಯಲ್ಲಿ ಬೇಕಾಗುತ್ತವೆ.

ತಪ್ಪು ನುಸುಳುವ ಕಡೆಗಳು. 1 ಗ್ರಾಂ ಮಾತ್ರ ತೋರಿಸುವ ತಕ್ಕಡಿ ಅರ್ಧ ಗ್ರಾಂ ಆಚೀಚೆಯಾದರೂ 1 ಕಿಲೋ ಗಟ್ಟಿಯಲ್ಲಿ ಆಂಟಿಮನಿ ಲೆಕ್ಕ ಶೇ 0.8 ಕೆಡುತ್ತದೆ, ಗಟ್ಟಿ ಕಾಲು ಕಿಲೋದ್ದಾದರೆ ಉತ್ತರಕ್ಕೆ ಅರ್ಥವೇ ಇಲ್ಲ. ಎರಡನೆಯದು ಒಳಗಿನ ಪೊಳ್ಳು. ಸೀಸ ಹೆಪ್ಪುಗಟ್ಟುವಾಗ ಗಾತ್ರ ಶೇ 3ಕ್ಕೂ ಮೇಲೆ ಕುಗ್ಗುತ್ತದೆ, ನಡುವೆ ಗುಳಿ ಬೀಳುತ್ತದೆ, ಅದರ ಕೆಳಗೆ ಕಾಣದ ಪೊಳ್ಳೂ ಇರಬಹುದು. ಒಂದು ಮಿಲಿಲೀಟರ್ ಪೊಳ್ಳು ಕಿಲೋ ಗಟ್ಟಿಯಲ್ಲಿ ಶೇ 1.6 ಆಂಟಿಮನಿಯ ವೇಷ ಹಾಕುತ್ತದೆ. ಅನುಮಾನ ಬಂದರೆ ಗಟ್ಟಿಯನ್ನು ಗರಗಸದಿಂದ ಎರಡು ಮಾಡಿ, ಎರಡನ್ನೂ ಬೇರೆ ಬೇರೆ ತೂಗಿ. ಮೂರನೆಯದು ನೀರಿನ ಉಷ್ಣತೆ: 25 ಡಿಗ್ರಿಯ ನೀರು ಮಿಲಿಲೀಟರ್‌ಗೆ 0.997 ಗ್ರಾಂ ಮಾತ್ರ. ಅದೇ ನೀರಿನಲ್ಲಿ, ಅದೇ ಹೊತ್ತಿನಲ್ಲಿ ಶುದ್ಧ ತುಂಡನ್ನೂ ತೂಗಿ, 88.2ರ ಬದಲು ಅದು ಕೊಟ್ಟ ಅಂಕಿಯನ್ನೇ ಹಿಡಿದರೆ ಈ ತಲೆನೋವು ತಪ್ಪುತ್ತದೆ.

11.34ಕ್ಕಿಂತ ತುಸು ಹೆಚ್ಚು ಬಂದರೆ ಹಿಗ್ಗಬೇಕಾಗಿಲ್ಲ, ಅಳತೆ ತಪ್ಪಿದೆ ಅಷ್ಟೆ.

ಗಡಸುತನ: ವೈಸ್ ಮತ್ತು ಬೇರಿಂಗ್ ಗುಂಡು

ಗಡಸುತನ ಅಳೆಯುವ ಉಪಕರಣ ದುಬಾರಿ. ಆದರೆ ಬೆಂಚ್ ವೈಸ್ ಇದ್ದರೆ, ಹೋಲಿಸಿ ನೋಡಲು 10 ಮಿ.ಮೀ. ಬೇರಿಂಗ್ ಗುಂಡು ಒಂದೇ ಸಾಕು. ಶುದ್ಧ ಸೀಸದ ತುಂಡು ಮತ್ತು ಪರೀಕ್ಷೆಯ ತುಂಡು ಎರಡರ ಒಂದೊಂದು ಮುಖವನ್ನು ಹೆರೆದು ಸಮ ಮಾಡಿ. ನಡುವೆ ಗುಂಡನ್ನಿಟ್ಟು ವೈಸ್‌ಗೆ ಸಿಕ್ಕಿಸಿ, ನಿಧಾನವಾಗಿ ತಿರುಗಿಸಿ ಒತ್ತಿ. ಗುಂಡು ಎರಡನ್ನೂ ಒಂದೇ ಬಲದಲ್ಲಿ ಒತ್ತುವುದರಿಂದ ಬಲ ಎಷ್ಟೆಂದು ತಿಳಿಯುವ ಅಗತ್ಯವೇ ಬೀಳುವುದಿಲ್ಲ. ಶುದ್ಧ ಸೀಸದಲ್ಲಿ ಗುಳಿ 6 ಮಿ.ಮೀ. ಅಗಲವಾಗುವ ಹೊತ್ತಿಗೆ ನಿಲ್ಲಿಸಿ, 30 ಸೆಕೆಂಡು ಹಾಗೇ ಬಿಟ್ಟು ಬಿಚ್ಚಿ. ಎರಡೂ ಗುಳಿಗಳ ಅಗಲವನ್ನು ವರ್ನಿಯರ್‌ನಿಂದ ಅಡ್ಡ ಒಮ್ಮೆ, ಉದ್ದ ಒಮ್ಮೆ ಅಳೆದು ಸರಾಸರಿ ತೆಗೆಯಿರಿ.

ಶುದ್ಧ ತುಂಡಿನ ಗುಳಿಯ ಅಗಲವನ್ನು ಇನ್ನೊಂದರ ಅಗಲದಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಆಮೇಲೆ 5ರಿಂದ ಗುಣಿಸಿ. ಗುಂಡು ಒತ್ತಿ ಗಡಸು ಅಳೆಯುವ ಬ್ರಿನೆಲ್ ಲೆಕ್ಕದಲ್ಲಿ ಶುದ್ಧ ಸೀಸದ ಗಡಸುತನ ಸುಮಾರು 5 ಇರುವುದರಿಂದ ಈ ಲೆಕ್ಕ. 6 ಮತ್ತು 4 ಬಂದರೆ 1.5 × 1.5 × 5, ಅಂದರೆ 11ರ ಸುಮಾರು: ವೀಲ್ ತೂಕದ ಜಾತಿ. ಲೈನೋಟೈಪ್ 22ರ ಹತ್ತಿರ ಹೋಗುತ್ತದೆ, ಅದರ ಗುಳಿ 3 ಮಿ.ಮೀ. ಕೂಡ ದಾಟುವುದಿಲ್ಲ.

ಆಂಟಿಮನಿ ಪ್ರತಿ ಶೇ 1ಕ್ಕೆ ಕೊಡುವ ಗಡಸು ತವರ ಕೊಡುವುದರ ಸುಮಾರು ಮೂರು ಪಟ್ಟು. ಹಿಂದಿನ ಉದಾಹರಣೆಯ ಗಟ್ಟಿ ಆಂಟಿಮನಿಯದ್ದಾದರೆ ಗುಳಿ 3.7 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ತವರದ್ದಾದರೆ 4.4ರ ಆಸುಪಾಸು. ವರ್ನಿಯರ್‌ನಲ್ಲಿ ಕಣ್ಣಿಗೆ ಹೊಡೆಯುವ ವ್ಯತ್ಯಾಸವಿದು.

ಗುಳಿ ಅಂಚಿಗೆ ಹತ್ತಿರವಾದರೆ ಲೋಹ ಪಕ್ಕಕ್ಕೆ ಉಬ್ಬಿ ಮೆದುವೆಂದು ತೋರುತ್ತದೆ. ಗುಳಿಯ ಅಗಲದ ಎರಡೂವರೆ ಪಟ್ಟಾದರೂ ಅಂಚಿನಿಂದ ಒಳಗಿರಬೇಕು. ತುಂಡು ಕನಿಷ್ಠ 12 ಮಿ.ಮೀ. ದಪ್ಪ ಇರಲಿ. ಆಂಟಿಮನಿಯ ಜೊತೆ ಸ್ವಲ್ಪ ಆರ್ಸೆನಿಕ್ ಇದ್ದರೆ ಎರಕ ಹೊಯ್ದ ಮೇಲೂ ಹಲವು ದಿನ ಗಡಸಾಗುತ್ತಲೇ ಹೋಗುತ್ತದೆ. ಬಿಸಿಯಲ್ಲೇ ನೀರಿಗೆ ಹಾಕಿ ತಣಿಸಿದ್ದಾದರೆ ಗಡಸು ಇನ್ನೂ ಹೆಚ್ಚು. ಈ ಕಾರಣಕ್ಕೆ ಹೊಸದಾಗಿ ಹೊಯ್ದ ತುಂಡನ್ನು ತಂತಾನೇ ಆರಲು ಬಿಟ್ಟು, ಎರಡು ವಾರ ಕಳೆದ ಮೇಲೆ ಪರೀಕ್ಷಿಸಿ.

ವೈಸ್ ಇಲ್ಲದವರು ಡ್ರಾಯಿಂಗ್ ಪೆನ್ಸಿಲ್ ಸೆಟ್ ತರಬಹುದು. ಪೆನ್ಸಿಲ್ಲಿನ ಮರ ಮಾತ್ರ ಕೆತ್ತಿ, ಕಡ್ಡಿಯ ತುದಿಯನ್ನು ಚಪ್ಪಟೆ ಮಾಡಿ, 45 ಡಿಗ್ರಿ ಓರೆಯಲ್ಲಿ ಹಿಡಿದು ಮುಂದಕ್ಕೆ ದೂಡಿ. 6ಬಿಯಿಂದ ಶುರುಮಾಡಿ, ಗೆರೆ ಬರೆಯುವುದು ಬಿಟ್ಟು ಲೋಹವನ್ನು ಕೆತ್ತಿ ಎಬ್ಬಿಸುವ ಮೊದಲ ಪೆನ್ಸಿಲ್ ಯಾವುದೋ ಅದೇ ಗುರುತು. ಶುದ್ಧ ಸೀಸ 6ಬಿ, 5ಬಿಗೇ ಸೋಲುತ್ತದೆ, ಅಚ್ಚುಮೊಳೆ ಎಚ್‌ಬಿ ದಾಟಿ ನಿಲ್ಲುತ್ತದೆ. ಕಂಪನಿಯಿಂದ ಕಂಪನಿಗೆ ಕಡ್ಡಿ ಬೇರೆಯಾದ್ದರಿಂದ ಗೊತ್ತಿರುವ ತುಂಡುಗಳ ಮೇಲೆ ನಿಮ್ಮದೇ ಸೆಟ್ ಒಮ್ಮೆ ಓಡಿಸಿ ಪಟ್ಟಿ ಮಾಡಿಕೊಳ್ಳಿ.

ಸತು ಇದೆಯೇ?

ಕರಗಿಸುವ ಮುಂಚೆ ಇದನ್ನು ನೋಡಲೇಬೇಕು. ಈಚಿನ ವೀಲ್ ತೂಕಗಳಲ್ಲಿ ಸತುವಿನವೂ ಇವೆ, ಒಂದೆರಡು ಸೇರಿಕೊಂಡರೂ ಬಾಣಲೆಪೂರ್ತಿ ಕೆಡುತ್ತದೆ. ಹೆರೆದ ಮುಖದ ಮೇಲೆ ಬಾತ್‌ರೂಮ್ ತೊಳೆಯುವ ಹೈಡ್ರೋಕ್ಲೋರಿಕ್ ಆ್ಯಸಿಡ್ ಒಂದು ಹನಿ ಬಿಡಿ, ಕನ್ನಡಕ ಮತ್ತು ರಬ್ಬರ್ ಗ್ಲೌಸ್ ಹಾಕಿಕೊಂಡು, ಹೊರಗಡೆ. ಸತುವಾದರೆ ಬುರುಬುರು ನೊರೆ ಏಳುತ್ತದೆ, ಸೀಸ ಸುಮ್ಮನಿರುತ್ತದೆ. ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರಾವಣ ಹತ್ತಿರದಲ್ಲಿ ಇರಬಾರದು, ಸೇರಿದರೆ ಕ್ಲೋರಿನ್ ಬರುತ್ತದೆ. ಶೇ 1ರ ಸುಮಾರಿನ ಸತು ಹೀಗೆ ಸಿಕ್ಕಿಬೀಳದೆ ಹೋಗಬಹುದು. ಆದರೆ ಕರಗಿದಾಗ ಅದು ಅಡಗುವುದಿಲ್ಲ: ಮೇಲ್ಮೈ ಕನ್ನಡಿಯಂತಾಗದೆ ಅಕ್ಕಿತರಿ ಗಂಜಿಯ ಹಾಗೆ ತರಿತರಿಯಾಗಿ, ಎಷ್ಟು ಬಳಿದು ತೆಗೆದರೂ ಮತ್ತೆ ಕಟ್ಟುತ್ತದೆ. ಸತು ಕರಗುವುದು 419 ಡಿಗ್ರಿಗೆ. ಬಿಡಿ ತೂಕಗಳನ್ನು ಕರಗಿಸುವವರು 370 ಡಿಗ್ರಿ ದಾಟದಿದ್ದರೆ ಸತುವಿನವು ಹಾಗೇ ತೇಲುತ್ತವೆ, ಎತ್ತಿ ಹಾಕಬಹುದು.

ತಣಿಯುವಾಗ ಉಷ್ಣತೆ ಎಲ್ಲಿ ನಿಲ್ಲುತ್ತದೆ

ಮೂರರಲ್ಲಿ ಹೆಚ್ಚು ಮಾತಾಡುವ ಪರೀಕ್ಷೆ ಇದು. ಶುದ್ಧ ಲೋಹ ಒಂದೇ ಉಷ್ಣತೆಯಲ್ಲಿ ಹೆಪ್ಪುಗಟ್ಟುತ್ತದೆ. ಮಿಶ್ರಣ ಒಂದು ಕಡೆ ಶುರುಮಾಡಿ, ಇನ್ನೊಂದು ಕಡೆ ಮುಗಿಸುತ್ತದೆ. ಆ ಎರಡು ಅಂಕಿ ಸಿಕ್ಕರೆ ಮಿಶ್ರಣದ ಜಾತಕ ಸಿಕ್ಕಂತೆ.

ಕೆ-ಟೈಪ್ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿಯ ಪ್ರೋಬ್) ಇರುವ ಡಿಜಿಟಲ್ ಮೀಟರ್ ಬೇಕು. ತುದಿ ತೆಳು ಸ್ಟೀಲ್ ಕೊಳವೆಯೊಳಗೆ ಇರುವಂಥದ್ದನ್ನೇ ಕೊಳ್ಳಿ. ಮೀಟರ್ ಸರಿಯಿದೆಯೇ ಎಂದು ಕುದಿಯುವ ನೀರಿನಲ್ಲಿ ನೋಡುವವರು ಒಂದು ನೆನಪಿಡಬೇಕು: ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿರುವ ಮಡಿಕೇರಿಯಲ್ಲಿ ನೀರು 100ಕ್ಕಲ್ಲ, ಹೆಚ್ಚುಕಡಿಮೆ 96 ಡಿಗ್ರಿಗೇ ಕುದಿಯುತ್ತದೆ. ಕುಶಾಲನಗರದಲ್ಲಿ 97. ಮೀಟರ್ 96 ತೋರಿಸಿತೆಂದು ನಾಲ್ಕು ಡಿಗ್ರಿ ತಿದ್ದಿದರೆ ಸರಿಯಿದ್ದುದನ್ನು ಕೆಡಿಸಿದಂತೆ. ಕಲಾಯಿಯವರ ಬಳಿ ಸಿಗುವ ಶುದ್ಧ ತವರದ ಚೂರು ಇನ್ನೂ ಒಳ್ಳೆಯ ಗುರುತು, ಅದು 232ಕ್ಕೆ ನಿಲ್ಲಲೇಬೇಕು. ನಿಮ್ಮ ಶುದ್ಧ ಸೀಸ 327ಕ್ಕೆ.

ಗಟ್ಟಿಯಿಂದ 400 ಗ್ರಾಂ ತುಂಡು ಕತ್ತರಿಸಿಕೊಳ್ಳಿ. ಮಳೆಗಾಲದಲ್ಲಿ ಹೊರಗೆ ಬಿದ್ದಿದ್ದ ಗಟ್ಟಿಯ ಗುಳಿಯಲ್ಲಿ, ಬಿರುಕಿನಲ್ಲಿ ನೀರು ಕೂತಿರುತ್ತದೆ, ಒರೆಸಿದರೆ ಹೋಗುವುದಿಲ್ಲ. ತುಂಡನ್ನು ತಣ್ಣಗಿನ ಬಾಣಲೆಯಲ್ಲೇ ಇಟ್ಟು ಒಟ್ಟಿಗೆ ಬಿಸಿ ಮಾಡಿ. ಕರಗಿದ ಸೀಸದೊಳಕ್ಕೆ ತುಂಡನ್ನು ಎಸೆಯಬೇಡಿ. ಬಾಣಲೆ ಕಬ್ಬಿಣದ್ದಾಗಿರಲಿ, ಅಲ್ಯೂಮಿನಿಯಂ ಬೇಡವೇ ಬೇಡ. ಪೂರ್ತಿ ತೋಳಿನ ಹತ್ತಿ ಅಂಗಿ, ಚರ್ಮದ ಶೂ, ಚರ್ಮದ ಗ್ಲೌಸ್, ಕನ್ನಡಕ, ಎನ್95 ಮಾಸ್ಕ್. 370–380 ಡಿಗ್ರಿ ಸಾಕು. ಅದಕ್ಕಿಂತ ಏರಿಸಿದಷ್ಟೂ ಕಿಟ್ಟ ಹೆಚ್ಚುತ್ತದೆ, ಲಾಭವೇನಿಲ್ಲ.

ಕಿಟ್ಟ ಬದಿಗೆ ಸರಿಸಿ, ಚೆನ್ನಾಗಿ ಕಲಕಿ, ಪ್ರೋಬ್ ಅನ್ನು ನಡುವೆ 2 ಸೆಂ.ಮೀ. ಆಳಕ್ಕೆ ನಿಲ್ಲಿಸಿ. ಒಲೆ ಆರಿಸಿ ಬಾಣಲೆಯ ಸುತ್ತ ಒಣ ಇಟ್ಟಿಗೆ ಜೋಡಿಸಿ. ಮಡಿಕೇರಿಯ ಚಳಿಗಾಳಿಗೆ ಬಿಟ್ಟರೆ ಬೇಗ ತಣಿದು ನಿಲುಗಡೆಗಳು, ಅಂದರೆ ಅಂಕಿ ಇಳಿಯದೆ ನಿಲ್ಲುವ ಕಡೆಗಳು, ಕಾಣುವುದೇ ಇಲ್ಲ. ಮೊಬೈಲನ್ನು ಮೀಟರಿನ ಎದುರು ಇಟ್ಟು ವಿಡಿಯೋ ಮಾಡಿ, ಆಮೇಲೆ ಕೂತು 10 ಸೆಕೆಂಡಿಗೊಂದು ಅಂಕಿ ಬರೆದುಕೊಳ್ಳಿ. ಅಂಕಿ ಸ್ವಲ್ಪ ಕೆಳಗಿಳಿದು ಮತ್ತೆ ಮೇಲಕ್ಕೆ ಹಾರಿದರೆ, ಹಾರಿ ನಿಂತ ಅಂಕಿಯೇ ಲೆಕ್ಕಕ್ಕೆ.

ಇಳಿತ ಮೊದಲು ನಿಧಾನವಾಗುವ ಕಡೆ ಹೆಪ್ಪು ಶುರುವಾಗಿದೆ. 327ರಿಂದ ಅದು ಎಷ್ಟು ಕೆಳಗಿದೆ ನೋಡಿ: ಶೇ 1 ಆಂಟಿಮನಿ ಸುಮಾರು 7 ಡಿಗ್ರಿ ಇಳಿಸುತ್ತದೆ, ಶೇ 1 ತವರ ಎರಡೂವರೆಯೊಳಗೆ. ನಮ್ಮ 1,012 ಗ್ರಾಂ ಗಟ್ಟಿ 285ರ ಹತ್ತಿರ ಶುರುವಾಗಿ 252ರಲ್ಲಿ ಕೊನೆಯ ನಿಲುಗಡೆ ಕೊಟ್ಟರೆ ಶೇ 6 ಆಂಟಿಮನಿ. 308ರ ಹತ್ತಿರ ಶುರುವಾಗಿ 252ರಲ್ಲಿ ಏನೂ ಆಗದಿದ್ದರೆ ತವರ. ಕೊನೆಯ ನಿಲುಗಡೆ 240ರ ಸುತ್ತಮುತ್ತ ಬಂದರೆ ಆಂಟಿಮನಿ, ತವರ ಎರಡೂ ಇವೆ, ಅಚ್ಚುಮೊಳೆ ಸಂತತಿ. 183ರಲ್ಲಿ ಸ್ಪಷ್ಟವಾದ ನಿಲುಗಡೆ ಇದ್ದರೆ ಸೋಲ್ಡರ್. ಅದರ ಹೆಪ್ಪು ಶುರುವಾಗುವುದು 255ರಲ್ಲಾದರೆ ತವರ ಶೇ 30, 238 ಆದರೆ 40, 215ರ ಸುಮಾರಾದರೆ 50. ತವರ ಶೇ 20ಕ್ಕಿಂತ ಕಡಿಮೆ ಇದ್ದಾಗ 183ರ ನಿಲುಗಡೆ ಮಸುಕು, ಅದನ್ನು ನಂಬಿ ಕೂರಬೇಡಿ, ಶುರುವಿನ ಅಂಕಿಯನ್ನೇ ಹಿಡಿಯಿರಿ.

ಅಂಕಿಗಳು ಜಗಳವಾಡಿದರೆ

ಸಾಂದ್ರತೆ ಶೇ 6 ಆಂಟಿಮನಿ ಎನ್ನುತ್ತದೆ, ಹೆಪ್ಪು 320ರಲ್ಲೇ ಶುರುವಾಗಿದೆ ಎಂದರೆ ಗಟ್ಟಿಯೊಳಗೆ ಪೊಳ್ಳಿದೆ. ಗಡಸು ಹೆಚ್ಚು, ಸಾಂದ್ರತೆ ಮಾತ್ರ 11.2ರ ಮೇಲೆ ಇದ್ದರೆ ಕ್ಯಾಲ್ಸಿಯಂ ಸೀಸವೋ, ಆರ್ಸೆನಿಕ್ ಬೆರೆತದ್ದೋ ಆಗಿರುವ ಸಂಭವ. ಎರಡೂ ಬ್ಯಾಟರಿ ಮೂಲದ ಸೂಚನೆ, ಕರಗಿಸದೆ ಬದಿಗಿಡಿ. ಒಂದೇ ಗಟ್ಟಿಯ ತಳ ಮತ್ತು ಮೇಲ್ಭಾಗ ಬೇರೆ ಬೇರೆ ಗಡಸು ತೋರಿಸಿದರೆ ಹೊಯ್ಯುವಾಗ ಕಲಕಿಲ್ಲ, ಹಗುರವಾದ ಆಂಟಿಮನಿ ಹರಳು ಮೇಲಕ್ಕೆ ತೇಲಿದೆ.

ಹತ್ತಿಪ್ಪತ್ತು ಕಿಲೋ ಮಾಲಿದ್ದು ಹಣದ ಮಾತಾದರೆ ಚಿನ್ನದ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಎಕ್ಸ್‌ರೇ ಕಿರಣ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ನೋಡಿಸಬಹುದೇ ವಿಚಾರಿಸಿ. ಆ ಕಿರಣ ಸೀಸದ ಮೇಲ್ಪದರ ದಾಟಿ ಒಳಕ್ಕೆ ಹೋಗುವುದಿಲ್ಲ, ಹಾಗಾಗಿ ಆಗಷ್ಟೇ ಹೆರೆದ ಮುಖ ಕೊಡಬೇಕು. ಯಂತ್ರ ಚಿನ್ನಕ್ಕೆ ಹೊಂದಿಸಿದ್ದಾದರೆ ಆಂಟಿಮನಿ ಇದೆ ಎನ್ನುವುದನ್ನು ನಂಬಬಹುದು, ಎಷ್ಟಿದೆ ಎನ್ನುವುದನ್ನು ನಿಮ್ಮ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ.

ತವರ ಹೆಚ್ಚಿರುವ ಗಟ್ಟಿ ಸಿಕ್ಕರೆ ಕೆಲವರಿಗೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವ ಯೋಚನೆ ಬರುತ್ತದೆ. ಕೂಡದು. ಕಲಾಯಿಗೆ ಶುದ್ಧ ತವರವೇ ಬೇಕು. ಸೀಸ ಬೆರೆತದ್ದರ ಮೇಲೆ ಹುಣಸೆ ಹುಳಿಯೋ ಕೊಡಗಿನ ಹುಳಿರಸವಾದ ಕಾಚಂಪುಳಿಯೋ ಬಿದ್ದರೆ ಸೀಸ ನೇರ ಸಾರಿಗೆ ಇಳಿಯುತ್ತದೆ. ಅಂಥ ಗಟ್ಟಿ ರೇಡಿಯೇಟರ್ ಬೆಸುಗೆಗೆ ಹೋಗಲಿ.

ಪರೀಕ್ಷೆ ಮುಗಿದ ಗಟ್ಟಿಗೆ ಅಂದೇ ಅಂಕಿ ಉಳಿಯಿಂದ ನಂಬರ್ ಹೊಡೆಯಿರಿ; ಮಾರ್ಕರ್ ಪೆನ್ನಿನ ಬರಹ ಇಲ್ಲಿನ ಒಂದು ಮಳೆಗಾಲದ ಥಂಡಿಗೆ ನಿಲ್ಲುವುದಿಲ್ಲ. ನೋಟುಬುಕ್ಕಿನಲ್ಲಿ ನಂಬರಿನ ಎದುರು ಒಣ ತೂಕ, ನೀರಿನ ಅಂಕಿ, ಎರಡು ಗುಳಿಗಳ ಅಗಲ, ಹೆಪ್ಪಿನ ಶುರು ಮತ್ತು ಕೊನೆ ಇರಲಿ, ಬರೀ ‘ಗಡಸು’, ‘ಮೆದು’ ಎಂದು ಬರೆದರೆ ಬರುವ ವರ್ಷ ಮತ್ತೆ ಮೊದಲಿನಿಂದ. ಬಳಿದ ಕಿಟ್ಟವನ್ನು ಮುಚ್ಚಳದ ತಗಡಿನ ಡಬ್ಬದಲ್ಲಿ ಒಣಗಿಟ್ಟು, ಸೀಸ ಕೊಳ್ಳುವ ನೋಂದಾಯಿತ ಮರುಬಳಕೆದಾರರಿಗೇ ಕೊಡಿ. ತೋಟದ ಗುಂಡಿಗೆ ಸುರಿಯಬೇಡಿ.